ಕಿಲ್ನ್ ನಿಂತ ದಿನದ ಗ್ಯಾಸ್

ಗ್ಯಾಸ್ ಶೆಡ್ಡಿನ ಗುಂಡಿಯಿಂದ ಅಳತೆ ಸಾಹೇಬರನ್ನು ಮೇಲಕ್ಕೆತ್ತಿದಾಗ ಅವರ ಕನ್ನಡಕ ಇನ್ನೂ ಮೂಗಿನ ಮೇಲೇ ಇತ್ತು. ಮೈಮೇಲೆ ಒಂದು ಗಾಯವಿಲ್ಲ, ಬಟ್ಟೆ ಹರಿದಿಲ್ಲ. ನಿದ್ದೆ ಹೋದವರನ್ನು ಎತ್ತಿಕೊಂಡು ಬಂದ ಹಾಗಿತ್ತು. ಸೋಮವಾರ ಬೆಳಗಿನ ಹನ್ನೊಂದು ಗಂಟೆ. ಹಗ್ಗ ಎಳೆದವರಲ್ಲಿ ನಾನೂ ಒಬ್ಬ. ನನ್ನ ಮುಂದೆ ನಿಂತು ಎಳೆದವನು ನನ್ನ ಅಳಿಯ. ಮಧ್ಯಾಹ್ನ ಆಗುವುದರೊಳಗೆ ಅವನನ್ನೇ ಪೊಲೀಸರು ಜೀಪಿಗೆ ಹತ್ತಿಸಿದರು.

ನಮ್ಮದು ಸಿಮೆಂಟ್ ಫ್ಯಾಕ್ಟರಿ. ಸುಣ್ಣದ ಕಲ್ಲು ಸುಡುವ, ಮಲಗಿಸಿದ ದೊಡ್ಡ ಕೊಳವೆಯಂಥ ಗೂಡಿಗೆ ಕಿಲ್ನ್ ಅನ್ನುತ್ತೇವೆ. ಅದರ ಮುಂದೆ ಮೂವತ್ತೆಂಟು ವರ್ಷ ಬೆಂಕಿ ನೋಡಿ ನಿವೃತ್ತನಾದವನು ನಾನು. ಅದು ಕೈಕೊಟ್ಟಾಗ ಈಗಲೂ ನನ್ನನ್ನು ಕರೆಸುತ್ತಾರೆ. ಕಲ್ಲು ಸುಟ್ಟರೆ ಅದರೊಳಗಿನ ಗ್ಯಾಸ್ ಹೊರಗೆ ಬರಲೇಬೇಕು. ಕಲ್ಲಿದ್ದಲು ಬಿಟ್ಟು ಬೇರೆ ಏನು ಉರಿಸಿದರೂ ಅದು ತಪ್ಪುವುದಿಲ್ಲ. ಅದನ್ನು ಚಿಮಣಿಯಲ್ಲೇ ಹಿಡಿಯಬೇಕು, ಹಿಡಿಯಲು ರಾಶಿ ಹಣ ಬೇಕು ಎಂದು ದೊಡ್ಡವರೆಲ್ಲ ಭಾಷಣ ಮಾಡುತ್ತಾರೆ. ಮಾತು ಸುಳ್ಳಲ್ಲ. ಆದರೆ ಆ ಭಾಷಣ ಮಾಡಿದವರಲ್ಲಿ ಒಬ್ಬರಾದರೂ ಕತ್ತೆತ್ತಿ ನಮ್ಮ ಚಿಮಣಿ ನೋಡಿದ್ದನ್ನು ನಾನು ಕಂಡಿಲ್ಲ.

ಒಂದು ವರ್ಷದ ಹಿಂದೆ ಚಿಮಣಿಯ ಪಕ್ಕದಲ್ಲಿ ಹಸಿರು ಬಣ್ಣದ ಶೆಡ್ ಎದ್ದಿತು. ಹೊಗೆಯಿಂದ ಇಂಗಾಲದ ಗ್ಯಾಸ್ ಬೇರೆ ಮಾಡಿ, ತಣ್ಣಗೆ ಮಾಡಿ, ನೀರಿನ ಹಾಗೆ ಟ್ಯಾಂಕಿಗೆ ತುಂಬುವ ಯಂತ್ರ ಅದರಲ್ಲಿತ್ತು. ಅದು ಬರೀ ಮಾದರಿ. ಸರಿಹೋದರೆ ಅದರ ನೂರರಷ್ಟು ದೊಡ್ಡದನ್ನು ಕಟ್ಟಲು ಹೊರಗಿನವರು ಹಣ ಹಾಕುವವರಿದ್ದರು. ಯಂತ್ರ ತಂದವರ ಕೋಟು ಬಿಟ್ಟು ಉಳಿದದ್ದೆಲ್ಲ ಹಸಿರು: ಟೈ ಹಸಿರು, ಫೈಲು ಹಸಿರು, ಪೆನ್ನಿನ ಶಾಯಿ ಕೂಡ ಹಸಿರು. ನಾವು ಹಸಿರು ಸಾಹೇಬ ಎನ್ನುತ್ತಿದ್ದೆವು. ಶೆಡ್ಡಿಗೆ ಅವರು ಬಂದದ್ದು ಫೋಟೋ ತೆಗೆಯುವ ದಿನಗಳಲ್ಲಿ ಮಾತ್ರ. ಯಂತ್ರ ನಿಜವಾಗಿ ಎಷ್ಟು ಹಿಡಿಯುತ್ತದೆ ಎಂದು ನೋಡಿ ಹೇಳಲು ಹಣ ಹಾಕುವವರು ಕಳಿಸಿದವರೇ ಅಳತೆ ಸಾಹೇಬರು. ಅವರ ಸಹಿ ಬಿದ್ದರೆ ಗುರುವಾರ ಹಣದ ಕಾಗದ ಆಗಬೇಕಿತ್ತು.

ಆ ಗ್ಯಾಸ್ ಗಾಳಿಗಿಂತ ಭಾರ. ಬಿಟ್ಟರೆ ತಗ್ಗಿನಲ್ಲಿ ನೀರಿನ ಹಾಗೆ ನಿಲ್ಲುತ್ತದೆ, ಉಸಿರು ಕಟ್ಟಿಸುತ್ತದೆ. ಟ್ಯಾಂಕಿನ ವಾಲ್ವ್ ತೆರೆದರೆ ಅದು ಇಳಿಯುವುದು ಪೈಪುಗಳು ಹಾದುಹೋಗುವ ಗುಂಡಿಗೇ. ಶೆಡ್ಡಿನ ಗುಂಡಿಗೆ ಹಸಿರು ಸಾಹೇಬರು ಹಾಕಿಸಿದ ಅಲಾರಾಂ ಮೂರನೇ ದಿನಕ್ಕೇ ಧೂಳು ತಿಂದು ಮೂಕವಾಗಿತ್ತು. ಅಲ್ಲಿ ಆಪರೇಟರ್ ಆಗಿದ್ದ ನನ್ನ ಅಳಿಯ ತನ್ನದೇ ಪದ್ಧತಿ ಮಾಡಿಕೊಂಡಿದ್ದ. ಡಬ್ಬಿಯಲ್ಲಿ ಮೇಣದಬತ್ತಿ ಹಚ್ಚಿ ಹಗ್ಗ ಕಟ್ಟಿ ಗುಂಡಿಗೆ ಬಿಡುವುದು. ಆರಿದರೆ ಯಾರೂ ಇಳಿಯಕೂಡದು. ಅಳತೆ ಸಾಹೇಬರಿಗೂ ಅದನ್ನು ಕಲಿಸಿದ್ದ.

"ವಾಲ್ವ್ ಮುಚ್ಚಿದ್ದು ಯಾರು?" ಎಂದು ಇನ್ಸ್‌ಪೆಕ್ಟರ್ ಕೇಳಿದ.

"ನಾನೇ ಸಾರ್," ಎಂದ ಅಳಿಯ. "ಈಗ ವಾಪಸ್ ಬಂದು ನೋಡಿದಾಗ ಪೂರ್ತಿ ತೆರೆದಿತ್ತು. ಬಿಳೀ ಮಂಜು ಏಳ್ತಾ ಇತ್ತು. ಮುಚ್ಚಿ ಕೂಗಿಕೊಂಡೆ."

"ತೆರೆದಿದ್ದು?"

"ಗೊತ್ತಿಲ್ಲ ಸಾರ್. ಎಂಟೂವರೆಗೆ ನಾನೇ ಮುಚ್ಚಿದ್ದೆ. ಒಂಬತ್ತಕ್ಕೆ ಕಿಲ್ನ್ ಹತ್ರ ಇಟ್ಟಿಗೆ ಹೊರೋಕೆ ಎಲ್ಲರನ್ನೂ ಕರೆದ್ರು, ಹೋದೆ."

"ಮುಚ್ಚೋವಾಗೆಲ್ಲ ನೀನಿರ್ತೀಯ, ತೆರೆಯೋವಾಗ ಮಾತ್ರ ಇರಲ್ಲ. ಚೆನ್ನಾಗಿದೆ ಕಣಯ್ಯಾ ನಿನ್ನ ಡ್ಯೂಟಿ."

ಅಷ್ಟರಲ್ಲಿ ಹಸಿರು ಸಾಹೇಬರು ಓಡಿಬಂದರು. ಕೋಟು, ಟೈ, ಇಸ್ತ್ರಿ ಮಾಡಿದ ಪ್ಯಾಂಟು, ಕಾಲಿಗೆ ಬಚ್ಚಲ ಚಪ್ಪಲಿ. "ಬೆಳಗ್ಗಿನಿಂದ ಗೆಸ್ಟ್ ಹೌಸ್ ಬಿಟ್ಟು ಹೊರಗೇ ಬಂದಿಲ್ಲ, ಸುದ್ದಿ ಕೇಳಿ ಹೇಗಿದ್ದೆನೋ ಹಾಗೇ ಬಂದೆ," ಎಂದು ಏದುಸಿರು ಬಿಟ್ಟರು. ಹೆಣದ ಕಡೆ ಒಂದು ಸಲ ನೋಡಿ, "ಈ ಜನಕ್ಕೆ ಎಷ್ಟು ಟ್ರೇನಿಂಗ್ ಕೊಟ್ಟರೂ ಅಷ್ಟೇ ಇನ್ಸ್‌ಪೆಕ್ಟರ್. ವಾಲ್ವ್ ತೆರೆದಿಟ್ಟು ಹೋಗಿದ್ದಾನೆ," ಎಂದರು. ಬೂದಿ ಮೆತ್ತಿದ ಮುಖದಲ್ಲಿ ಕಿಲ್ನ್ ಕಡೆಯಿಂದ ಇಳಿದು ಬಂದಿದ್ದ ದೊಡ್ಡ ಮ್ಯಾನೇಜರ್ ಹೂಂ ಎಂದರು. ಮೇಲಿನವರು ಏನು ಅಂದರೂ ಹೂಂ ಎನ್ನುವುದರಿಂದಲೇ ಅವರು ದೊಡ್ಡ ಮ್ಯಾನೇಜರ್ ಆದದ್ದು.

ನನ್ನ ಮಗಳು ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ಎದ್ದಾಗಿನಿಂದ ಮಲಗುವವರೆಗೆ ಬಾಯಿಗೆ ಬಿಡುವು ಕೊಡದವಳು, ಒಂದು ಮಾತೂ ಆಡದೆ ಹೊಸಿಲ ಹತ್ತಿರ ಕೂತುಬಿಟ್ಟಳು. ಗುರುವಾರ ವರದಿ ಕೊಟ್ಟು ಗಂಡನನ್ನು ಜೈಲಿಗೆ ಕಳಿಸುತ್ತಾರೆ ಎಂದು ಪಕ್ಕದ ಮನೆಯವರು ಬಂದು ಹೇಳಿ ಹೋಗಿದ್ದರು. ನಾನು ಎದ್ದು ಅತ್ತಿಗೆಯ ಮನೆಗೆ ಹೋದೆ.

ಅತ್ತಿಗೆ ಎಂದರೆ ತೀರಿಹೋದ ನನ್ನ ಅಣ್ಣನ ಹೆಂಡತಿ. ಕಾಲೋನಿಗೆಲ್ಲ ಕ್ಯೂಬಮ್ಮ. ಫ್ಯಾಕ್ಟರಿಯ ಲ್ಯಾಬಿನಲ್ಲಿ ಸಿಮೆಂಟಿನ ಕ್ಯೂಬ್ ಎರಕ ಹಾಕಿ, ಮೂರಕ್ಕೆ, ಏಳಕ್ಕೆ, ಪೂರ್ತಿ ಬಲ ಬರುವ ಇಪ್ಪತ್ತೆಂಟನೇ ದಿನಕ್ಕೆ ಒಡೆದು, ಎಷ್ಟು ಗಟ್ಟಿಯಾಗಿದೆ ಎಂದು ನೋಡುವ ಕೆಲಸವನ್ನು ಮೂವತ್ತು ವರ್ಷ ಮಾಡಿದವರು. ಗಟ್ಟಿಯಾದ ಸಿಮೆಂಟಿನ ಮೇಲೆ ಮೊಳೆಯಲ್ಲಿ ಒಂದು ಗೀರು ಎಳೆದರೆ ಅದರ ವಯಸ್ಸು ಹೇಳುತ್ತಿದ್ದರು. ಮನುಷ್ಯರ ಮೇಲೂ ಹಾಗೆಯೇ ಗೀರು ಎಳೆಯುವ ಅಭ್ಯಾಸ. ಕಾಲೋನಿಯಲ್ಲಿ ಕಳುವಾದ ಸರ, ಸಹಕಾರಿ ಅಂಗಡಿಯಿಂದ ಮಾಯವಾದ ಮೂಟೆ, ಎಲ್ಲದರ ಕಳ್ಳರೂ ಅವರ ಮನೆ ಜಗಲಿಯಲ್ಲೇ ಸಿಕ್ಕಿಬಿದ್ದದ್ದು. ಅವರ ಹಿಂದೆ ಚೀಲ ಹಿಡಿದು ಓಡಾಡಿದವನು ನಾನು.

ಎಲ್ಲವನ್ನೂ ಹೇಳಿದೆ. ಕೊನೆಗೆ, ಬೇರೆ ಯಾರಿಗೂ ಹೇಳದಿದ್ದನ್ನೂ ಹೇಳಿದೆ. "ಅತ್ತಿಗೆ, ಅವರನ್ನ ಶೆಡ್ಡಿಗೆ ಕಳಿಸಿದ್ದೇ ನಾನು."

"ಅಂದ್ರೆ?"

"ಬೆಳಗ್ಗೆ ಆರು ಗಂಟೆಗೆ ಕಿಲ್ನ್ ಒಳಗೋಡೆಯ ಇಟ್ಟಿಗೆ ಬಿತ್ತು. ಬೆಂಕಿ ಆರಿಸಿದ್ವಿ. ಒಂಬತ್ತಕ್ಕೆ ಗೇಟಿನ ಚಹಾ ಅಂಗಡೀಲಿ ಅಳತೆ ಸಾಹೇಬ್ರು ಸಿಕ್ಕಿದ್ರು. 'ತಾತ, ಇವತ್ತು ಕಿಲ್ನ್ ಶಬ್ದ ಯಾಕೋ ಬೇರೆ ಇದೆಯಲ್ಲ' ಅಂದ್ರು. 'ಅದು ನಿಂತಿದೆ ಸ್ವಾಮಿ. ಬಿಸಿ ಕಿಲ್ನ್ ನಿಂತ ಮೇಲೂ ಕಾಲು ಗಂಟೆಗೊಂದು ಸಲ ತಿರುಗಿಸ್ತಾ ಇರಬೇಕು, ಇಲ್ಲದಿದ್ರೆ ಬಾಗಿಹೋಗುತ್ತೆ. ದೂರದಿಂದ ನೋಡಿದವರಿಗೆ ನಡೀತಾ ಇದೆ ಅನ್ಸುತ್ತೆ' ಅಂದೆ. ಅವರು ಲೋಟ ಕೆಳಗಿಟ್ಟು, ಪುಸ್ತಕದಲ್ಲಿ ಏನೋ ಬರ್ಕೊಂಡು, ಶೆಡ್ ಕಡೆ ನಡೆದೇಬಿಟ್ರು. ಚಹಾ ಅರ್ಧ ಹಾಗೇ ಉಳಿದಿತ್ತು."

ಅತ್ತಿಗೆ ಟಾರ್ಚ್ ಹುಡುಕಿ ತಂದು ಚೀಲಕ್ಕೆ ಹಾಕಿಕೊಂಡರು. ಆಮೇಲೆ, "ಇಷ್ಟು ವರ್ಷದಲ್ಲಿ ಶಬ್ದ ಬೇರೆ ಇದೆ ಅಂತ ಕೇಳಿದ ಇಸ್ತ್ರಿ ಅಂಗಿಯವನು ಅವನೊಬ್ಬನೇ. ಅವನನ್ನೇ ಸಾಯಿಸಿದ್ರು. ನಡಿ, ನಾಳೆ ಬೆಳಗ್ಗೆ ಶೆಡ್ ನೋಡೋಣ," ಎಂದರು.

ಮಂಗಳವಾರ ಬೆಳಿಗ್ಗೆ ಶೆಡ್ಡಿನ ಸುತ್ತ ಪೊಲೀಸರು ಒಂದು ಹಗ್ಗ ಕಟ್ಟಿ ತಮ್ಮ ಕೆಲಸ ಮುಗಿಯಿತೆಂದು ಹೋಗಿದ್ದರು. ವಾಚ್‌ಮನ್ ಅತ್ತಿಗೆಯನ್ನು ಕಂಡು ಹಗ್ಗ ಎತ್ತಿ ಹಿಡಿದ. ಅವರು ಮೊದಲು ಗುಂಡಿಯ ತಳಕ್ಕೆ ಟಾರ್ಚಿನ ಬೆಳಕು ಬಿಟ್ಟರು. ಡಬ್ಬಿ ಅಲ್ಲೇ ಬಿದ್ದಿತ್ತು. ಹಗ್ಗ ಎಳೆದೆವು. ಒಳಗೆ ಅರ್ಧ ಉರಿದ ಮೇಣದಬತ್ತಿ. ಅದನ್ನು ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿದರು.

ಟ್ಯಾಂಕಿಗೆ ಎರಡು ಪೈಪು. ಒಂದು ಯಂತ್ರದಿಂದ ಬರುವುದು. ಇನ್ನೊಂದು ಹೊರಗೋಡೆಯ ಕಡೆಯದು. ಹೊರಗಿನಿಂದ ತುಂಬಬೇಕಾಗಿ ಬಂದರೆ ಇರಲಿ ಎಂದು ಇಟ್ಟದ್ದು. ಶೆಡ್ಡಿನ ಹಿಂದೆಯೇ ಸಿಮೆಂಟ್ ಅರೆಯುವ ಮಿಲ್ ಇರುವುದರಿಂದ ಎಲ್ಲದರ ಮೇಲೂ ಸಿಮೆಂಟಿನ ಧೂಳು ಕೂತಿತ್ತು. ಅತ್ತಿಗೆ ಯಂತ್ರದ ಪೈಪಿನ ಮೇಲೆ ಬಾಯಿಂದ ಊದಿದರು. ಧೂಳು ಹಾರಿಹೋಯಿತು. ಹೊರಗಿನ ಪೈಪಿನ ಮೇಲೆ ಊದಿದರು. ಏನೂ ಆಗಲಿಲ್ಲ. ಬೆರಳಲ್ಲಿ ಕುಟ್ಟಿದರೆ ಟಣ್ ಎಂದಿತು, ಕಲ್ಲಿನ ಪದರ.

"ಗಟ್ಟಿ ಕೆಲಸ ಮಾಡಿದ ಪೈಪ್ ಯಾವುದು ಅಂತ ಸಿಮೆಂಟೇ ಹೇಳ್ತಿದೆ," ಎಂದು ನಕ್ಕರು. ಖುಷಿಯ ನಗೆಯಲ್ಲ ಅದು.

ವಾಲ್ವಿನ ಚಕ್ರ ಟ್ಯಾಂಕಿಗೂ ಮಿಲ್ಲಿನ ಗೋಡೆಗೂ ನಡುವಿನ ಸಂದಿಯಲ್ಲಿತ್ತು. ಅಡ್ಡವಾಗಿ ನಿಂತರೆ ಮಾತ್ರ ಒಬ್ಬರು ತೂರಬಹುದು. ಕೆಳಗೆ ಕಣಕಾಲು ಮುಳುಗುವಷ್ಟು ಸಿಮೆಂಟಿನ ಧೂಳು. ಅದರಲ್ಲಿ ಹೋಗಿ ಬಂದ ಹೆಜ್ಜೆಯ ಕುಳಿಗಳು ಇದ್ದವು. ಮೇಲಿನಿಂದ ಧೂಳು ಸುರಿಯುತ್ತಲೇ ಇದ್ದದ್ದರಿಂದ ಯಾವ ಚಪ್ಪಲಿ, ಯಾವ ಬೂಟು ಎಂದು ತಿಳಿಯುವ ಹಾಗಿರಲಿಲ್ಲ. ಸಂದಿಯ ಹೊರಗೆ ಗೋಡೆಗೆ ಒಂದು ಉದ್ದನೆಯ ಕಬ್ಬಿಣದ ಕೋಲು ನೇತುಹಾಕಿತ್ತು, ತುದಿಯಲ್ಲಿ ಕವಲು.

ಯಂತ್ರದ ಕೋಣೆಯ ಮೇಜಿನ ಮೇಲೆ ಸೋಮವಾರದ ಹಾಳೆ ಇತ್ತು. ಗಂಟೆಗಂಟೆಗೆ ಎಷ್ಟು ಗ್ಯಾಸ್ ಹಿಡಿದೆವು ಎಂದು ಬರೆಯುವ ಹಾಳೆ. ಹಸಿರು ಶಾಯಿ. ಅತ್ತಿಗೆ ಅದನ್ನು ನನ್ನ ಕಡೆ ತಿರುಗಿಸಿದರು. ನಾನು ಓದಿದವನಲ್ಲ, ಅಂಕಿ ಬರುತ್ತದೆ. ಬೆಳಗಿನ ಆರರಿಂದ ಸಂಜೆ ನಾಲ್ಕರವರೆಗೆ ಒಂದೇ ಅಂಕಿ, ಕೆಳಗೆ ಸಹಿ. ಆದರೆ ಹನ್ನೊಂದೂವರೆಯಿಂದ ಕೋಣೆಗೆ ಪೊಲೀಸರ ಬೀಗ ಬಿದ್ದಿತ್ತು. ವಾಚ್‌ಮನ್ ಈಗ ನಮಗಾಗಿ ತೆಗೆದದ್ದು.

"ನೋಡು ಕಣಯ್ಯಾ," ಎಂದರು ಅತ್ತಿಗೆ, "ಸಾಯಂಕಾಲದ ಗ್ಯಾಸನ್ನ ಬೆಳಗ್ಗೇನೇ ಹಿಡಿದಿಟ್ಟಿದ್ದಾರೆ. ಎಂಥಾ ಯಂತ್ರ!" ಹಾಳೆಯೂ ಚೀಲ ಸೇರಿತು.

ಅಲ್ಲಿಂದ ನನ್ನನ್ನು ಠಾಣೆಗೆ ಅಟ್ಟಿದರು. ಅಳಿಯನಿಗೆ ಎರಡು ಪ್ರಶ್ನೆ. ಅವನು ಕಂಬಿಯ ಹಿಂದಿನಿಂದ ಉತ್ತರ ಕೊಟ್ಟ. ಮೇಣದಬತ್ತಿ ಸೋಮವಾರ ಎಂಟಕ್ಕೆ ಹೊಸದು ಇಟ್ಟದ್ದು. ವಾಲ್ವ್ ತಿರುಗಿಸಲು ಸಂದಿಗೆ ಯಾರೂ ಹೋಗುವುದಿಲ್ಲ, ಹೊರಗಿನಿಂದ ಕೋಲು ಹಾಕಿ ತಿರುಗಿಸುತ್ತಾರೆ. "ಮಾವ, ಅವಳು ಏನಂತಾಳೆ?" ಎಂದು ಕೇಳಿದ. "ಏನೂ ಅನ್ನಲ್ಲ," ಎಂದೆ. ಅದನ್ನು ಕೇಳಿ ಅವನ ಮುಖ ಇನ್ನೂ ಇಳಿಯಿತು.

ಬುಧವಾರ ಫ್ಯಾಕ್ಟರಿಯ ಸಾಮಾನಿನ ಸ್ಟೋರಿಗೆ ಹೋದೆವು. ಅಲ್ಲಿನ ಮುಖ್ಯಸ್ಥರು ಯಜಮಾನರ ಭಾವಮೈದುನ. ಭಾವಮೈದುನ ಆಗಿರುವುದೇ ಅವರ ಕೆಲಸ. ಮೇಜಿಗೂ ಕುರ್ಚಿಗೂ ನಡುವೆ ಹೊಟ್ಟೆ ಸಿಕ್ಕಿಸಿಕೊಂಡು ಕೂತಿದ್ದರು.

"ಸೋಮವಾರ ಬೆಳಗ್ಗೆ ಎಲ್ಲಿದ್ರಿ?" ಎಂದರು ಅತ್ತಿಗೆ.

"ಇಲ್ಲೇ. ಸ್ಟಾಕ್ ನೋಡ್ತಿದ್ದೆ."

"ಯಾರಾದ್ರೂ ನಿಮ್ಮನ್ನ ನೋಡಿದ್ರಾ?"

"ಬಾಗಿಲು ಹಾಕ್ಕೊಂಡು ನೋಡ್ತಿದ್ದೆ." ಮಲಗಿದ್ದರು ಎಂದು ನಾನು ತಿಳಿದುಕೊಂಡೆ.

"ಭಾನುವಾರ ಗೇಟಿನಲ್ಲಿ ನೀರಿನ ಟ್ಯಾಂಕರ್ ಬರುತ್ತಂತೆ, ನಿಮ್ಮ ಚೀಟಿ ಮೇಲೆ. ನಮ್ಮ ಬಾವಿ ಬತ್ತಿಲ್ಲವಲ್ಲ?"

ಭಾವಮೈದುನರು ಬೆವರು ಒರೆಸಿಕೊಂಡರು. "ಗಿಡಗಳಿಗೆ."

ಫ್ಯಾಕ್ಟರಿಯಲ್ಲಿ ಇರುವುದು ಎರಡು ಗಿಡ. ಹೊರಗೆ ಬಂದಮೇಲೆ "ಇವನೇ ಅತ್ತಿಗೆ, ಅನುಮಾನವೇ ಇಲ್ಲ," ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಆ ಸಂದೀಲಿ ಇವನ ಹೊಟ್ಟೆಯ ಅರ್ಧ ತೂರುತ್ತಾ ಹೇಳು," ಎಂದರು.

ಗೆಸ್ಟ್ ಹೌಸಿಗೆ ಹೋದಾಗ ಅಲ್ಲಿ ಕಸ, ಅಡುಗೆ, ಹಾಸಿಗೆ ಎಲ್ಲ ನೋಡಿಕೊಳ್ಳುವ ದೊಡ್ಡಮ್ಮ ಪೊರಕೆ ಹಿಡಿದು ಯಾರನ್ನೋ ಬೈಯುತ್ತಿದ್ದರು. "ಏನಾಯ್ತೇ?" ಎಂದರು ಅತ್ತಿಗೆ.

"ಏನಾಗಬೇಕು? ಮೂರನೇ ರೂಮಿನ ಬಚ್ಚಲು ಕಟ್ಟಿದೆ. ನಿನ್ನೆಯಿಂದ ಒಂದು ತೊಟ್ಟು ನೀರು ಇಳೀತಿಲ್ಲ. ಕಡ್ಡಿ ಹಾಕಿದೆ, ಬಿಸಿನೀರು ಹುಯ್ದೆ, ಊಹೂಂ. ಇವತ್ತು ಸಂಜೆಗೆ ಹಣ ಹಾಕೋರು ಬೇರೆ ಬರ್ತಾರೆ!"

ಅತ್ತಿಗೆಯ ಕಣ್ಣು ಸಣ್ಣದಾಯಿತು. "ಆ ಮೋರಿಯ ಬಾಗು ಪೈಪನ್ನ ಬಿಚ್ಚಿಸೋಣ ಬಾ. ನನ್ನ ಮೈದುನ ಇದ್ದಾನೆ, ಸ್ಪ್ಯಾನರ್ ಹಿಡಿಯೋಕೆ ಬರುತ್ತೆ." ಬಿಚ್ಚಿದ್ದು ನಾನು. ಒಳಗಿದ್ದದ್ದನ್ನು ಅವರು ಟಿಫಿನ್ ಡಬ್ಬಿಗೆ ಹಾಕಿಕೊಂಡರು, ನನಗೆ ಒಂದು ಮಾತೂ ಹೇಳಲಿಲ್ಲ. ಆಮೇಲೆ ಇಬ್ಬರು ಹೆಂಗಸರೂ ಮೂರನೇ ರೂಮಿನ ಮಂಚದ ಕೆಳಗೆ ಬಗ್ಗಿ ನೋಡಿ ಬಾಗಿಲು ಹಾಕಿದರು.

ಗುರುವಾರ ಹತ್ತು ಗಂಟೆಗೆ ಗೆಸ್ಟ್ ಹೌಸಿನ ದೊಡ್ಡ ಕೋಣೆಯಲ್ಲಿ ಎಲ್ಲರೂ ಸೇರಿದ್ದರು. ಹಣ ಹಾಕುವವರು ಇಬ್ಬರು: ಗಡ್ಡದ ಒಬ್ಬರು, ತಂಪು ಕನ್ನಡಕ ತಲೆಯ ಮೇಲೆ ಏರಿಸಿದ ಒಬ್ಬ ಮೇಡಂ. ಎದುರಿಗೆ ಹಸಿರು ಸಾಹೇಬರು, ದೊಡ್ಡ ಮ್ಯಾನೇಜರ್, ಭಾವಮೈದುನರು. ವರದಿ ಹಿಡಿದುಕೊಂಡು ಇನ್ಸ್‌ಪೆಕ್ಟರ್. ಆಪರೇಟರನ ಅಜಾಗರೂಕತೆ ಎಂದು ಅವನು ಓದಿದ ಮೇಲೆ ಸಹಿ ಹಾಕುವುದೆಂದು ಏರ್ಪಾಟು. ಸತ್ತವರ ವಿಷಯಕ್ಕೆ ಒಂದು ನಿಮಿಷ ಎದ್ದು ನಿಂತು ಕೂತಿದ್ದರಂತೆ. ಆ ನಿಮಿಷದಲ್ಲೂ ಗಡ್ಡದವರು ಫೋನ್ ನೋಡುತ್ತಿದ್ದರೆಂದು ದೊಡ್ಡಮ್ಮ ಹೇಳಿದರು.

ನಾವು ಒಳಗೆ ಹೋದೆವು.

"ಇವರನ್ನ ಯಾರು ಒಳಗೆ ಬಿಟ್ಟಿದ್ದು?" ಎಂದು ಮ್ಯಾನೇಜರ್ ಎದ್ದರು.

"ನಾನು," ಎಂದರು ದೊಡ್ಡಮ್ಮ ಬಾಗಿಲಲ್ಲಿ ನಿಂತು. "ಚಹಾ ಬೇಕೋ ಬೇಡವೋ?"

ಮ್ಯಾನೇಜರ್ ಕೂತರು.

"ಇನ್ಸ್‌ಪೆಕ್ಟರೇ," ಎಂದರು ಅತ್ತಿಗೆ, ಚೀಲವನ್ನು ಹೊಳೆಯುವ ಮೇಜಿನ ಮೇಲೆ ಇಟ್ಟು. "ವರದಿ ಓದೋ ಮೊದಲು ಇದನ್ನ ನೋಡಿ. ಗುಂಡಿ ತಳದಲ್ಲಿ ಬಿದ್ದಿದ್ದ ಮೇಣದಬತ್ತಿ. ಬೆಳಗ್ಗೆ ಹೊಸದು, ಸಿಕ್ಕಾಗ ಅರ್ಧ. ಇಂಥದ್ದನ್ನೇ ಮನೇಲಿ ಉರಿಸಿ ನೋಡಿದೆ, ಅರ್ಧ ಆಗೋಕೆ ಅರ್ಧ ಗಂಟೆ ಬೇಕು. ವಾಲ್ವ್ ಮೊದಲೇ ತೆರೆದಿದ್ದರೆ ಗುಂಡಿ ತುಂಬ ಗ್ಯಾಸ್ ಇರಬೇಕು, ಬತ್ತಿ ಇಳಿಸಿದ ತಕ್ಷಣ ಆರಬೇಕು. ಆರಲಿಲ್ಲ. ಅಳತೆ ಸಾಹೇಬ್ರು ಇಳಿದರು, ಪಕ್ಕದಲ್ಲಿ ಬತ್ತಿ ಇಟ್ಟುಕೊಂಡು ಅರ್ಧ ಗಂಟೆ ಪೈಪ್ ನೋಡಿದ್ರು. ಆಮೇಲೆ ಗ್ಯಾಸ್ ಬಂತು. ಅಂದ್ರೆ ಅವರು ಕೆಳಗೆ ಇರೋದು ಗೊತ್ತಿದ್ದೇ ಯಾರೋ ತೆರೆದಿದ್ದಾರೆ. ಆ ಹೊತ್ತಿಗೆ ಆಪರೇಟರ್ ಕಿಲ್ನ್ ಹತ್ರ ಇಪ್ಪತ್ತು ಜನರ ಮಧ್ಯೆ ಇಟ್ಟಿಗೆ ಹೊರ್ತಿದ್ದ. ಈ ಮ್ಯಾನೇಜರೂ ಅಲ್ಲೇ ನಿಂತು ಎಲ್ಲರನ್ನೂ ಬೈತಿದ್ರು. ಅಲ್ವೇನ್ರೀ?"

ಮ್ಯಾನೇಜರ್ ಸುತ್ತ ನೋಡಿದರು. ಯಾರಿಗೆ ಹೂಂ ಎನ್ನಬೇಕೆಂದು ತಿಳಿಯಲಿಲ್ಲ. ಕೊನೆಗೆ, "ಇದ್ದ," ಎಂದರು.

ಇನ್ಸ್‌ಪೆಕ್ಟರ್ ವರದಿಯನ್ನು ಮಡಚಿದ. "ಕೊಲೆ ಅಂತೀರಾ? ಯಾಕೆ ಮಾಡ್ತಾರೆ?"

"ಅದಕ್ಕೆ ಈ ಹಾಳೆ." ಅತ್ತಿಗೆ ಹಸಿರು ಶಾಯಿಯ ಹಾಳೆ ತೆಗೆದರು. "ಸೋಮವಾರ ಆರರಿಂದ ನಾಲ್ಕರವರೆಗೆ ಗಂಟೆಗಂಟೆಗೂ ಇಷ್ಟಿಷ್ಟು ಗ್ಯಾಸ್ ಹಿಡಿದಿದ್ದೀವಿ ಅಂತ ಈ ಸಾಹೇಬ್ರ ಸಹಿ ಇದೆ. ಹನ್ನೊಂದೂವರೆಗೆ ಕೋಣೆಗೆ ಬೀಗ ಬಿದ್ದಿದೆ, ಆದರೂ ನಾಲ್ಕು ಗಂಟೆ ಗ್ಯಾಸ್ ಇದೆ."

ಹಸಿರು ಸಾಹೇಬರು ಟೈ ಸರಿಮಾಡಿಕೊಂಡು ಹಣ ಹಾಕುವವರ ಕಡೆ ತಿರುಗಿ ಮುಗುಳ್ನಕ್ಕರು. "ಅದು ಅಂದಾಜು. ಯಂತ್ರ ಒಂದೇ ಸಮ ನಡೆಯುವಾಗ ಮುಂಚೆಯೇ ರೂಮಲ್ಲಿ ಬರೆದು ಶೆಡ್ಡಿಗೆ ಕಳಿಸೋದು ಎಲ್ಲ ಕಡೆ ಇದೆ. ಇವರಿಗೆ ಅರ್ಥವಾಗಲ್ಲ."

"ಬೆಳಗ್ಗೆ ಆರರಿಂದಲೂ ಒಂದೇ ಸಮ ನಡೀತಿತ್ತಾ?"

"ಖಂಡಿತ. ನನ್ನ ರೂಮಿನ ಕಿಟಕಿಯಿಂದಲೇ ಕಿಲ್ನ್ ಕಾಣುತ್ತೆ. ತಿರುಗ್ತಾ ಇದ್ದಿದ್ದನ್ನ ನಾನೇ ನೋಡಿದ್ದೀನಿ."

ಕೋಣೆಯ ಮೂಲೆಯಿಂದ ನಾನು ಬಾಯಿ ತೆರೆದೆ. ಅಂಥ ಜಾಗಗಳಲ್ಲಿ ಮಾತಾಡುವವನಲ್ಲ ನಾನು. "ತಿರುಗಿಸ್ತಾ ಇದ್ದಿದ್ದು ನಾವು ಸ್ವಾಮಿ, ಬಾಗದೇ ಇರಲಿ ಅಂತ. ಬೆಂಕಿ ಆರಕ್ಕೇ ಆರಿಸಿದ್ವಿ. ಕಲ್ಲು ಸುಡದೆ ಗ್ಯಾಸ್ ಎಲ್ಲಿಂದ ಬರುತ್ತೆ?"

ಗಡ್ಡದವರು ಮೊದಲ ಸಲ ಫೋನನ್ನು ಕವಚಿ ಇಟ್ಟರು.

"ಇಲ್ಲದ ಹೊಗೆಯಿಂದ ಗ್ಯಾಸ್ ಹಿಡಿದ ಮಹಾನುಭಾವರು," ಎಂದರು ಅತ್ತಿಗೆ. "ಟ್ಯಾಂಕಲ್ಲಿ ಗ್ಯಾಸ್ ಇದ್ದಿದ್ದು ನಿಜ. ಆದರೆ ತಣ್ಣನೆ ಗ್ಯಾಸ್ ಹರಿದರೆ ಪೈಪ್ ಬೆವರುತ್ತೆ. ಬೆವರಿದ ಪೈಪಿನ ಮೇಲೆ ಸಿಮೆಂಟ್ ಧೂಳು ಬಿದ್ದರೆ ಕಲ್ಲಾಗುತ್ತೆ. ಯಂತ್ರದಿಂದ ಬರೋ ಪೈಪಿನ ಮೇಲೆ ಪುಡಿ ಪುಡಿ ಧೂಳು, ಒಂದು ದಿನಾನೂ ಬೆವರಿಲ್ಲ. ಹೊರಗಿನಿಂದ ತುಂಬೋ ಪೈಪಿನ ಮೇಲೆ ಬೆರಳು ದಪ್ಪ ಕಲ್ಲು. ಭಾನುವಾರ ಭಾನುವಾರ ಆಪರೇಟರ್‌ಗೆ ರಜಾ. ಅವತ್ತೇ ನೀರಿನ ಟ್ಯಾಂಕರ್ ಬರುತ್ತೆ. ಅದರಲ್ಲಿ ಏನಿತ್ತು ಅಂತ ಭಾವಮೈದುನರನ್ನ ಕೇಳಿ."

ಭಾವಮೈದುನರನ್ನು ಕೇಳಬೇಕಾಗಲಿಲ್ಲ. ಎರಡೂ ಕೈ ಎತ್ತಿಬಿಟ್ಟರು. "ನಾನು ತರಿಸಿದ್ದು ಅಷ್ಟೇ! ಸೋಡಾ ಕಂಪನಿಗಳಿಗೆ ಮಾರೋ ಗ್ಯಾಸ್ ಅದು. ತೋರಿಸೋಕೆ ಸ್ವಲ್ಪ ದಿನ ಬೇಕು ಅಂದ್ರು ಇವರು. ಕೊಲೆ ಗಿಲೆ ನನಗೆ ಗೊತ್ತಿಲ್ಲಮ್ಮಾ!"

"ಗೊತ್ತು, ಕೊಲೆ ನಿಮ್ಮಿಂದಾಗಲ್ಲ. ಅದಕ್ಕೆ ಕುರ್ಚಿಯಿಂದ ಏಳಬೇಕು," ಎಂದರು ಅತ್ತಿಗೆ. "ಯೋಚನೆ ಮಾಡಿ. ನಮ್ಮ ಚಿಮಣಿ ದಿನಾ ಸಾವಿರಾರು ಟನ್ ಗ್ಯಾಸನ್ನ ಆಕಾಶಕ್ಕೆ ಬಿಡುತ್ತೆ. ಇವರು ಪಕ್ಕದ ಊರಿಂದ ಒಂದು ಟ್ಯಾಂಕರ್ ಗ್ಯಾಸ್ ಕೊಂಡು ತಂದು 'ಹಿಡಿದ್ವಿ' ಅಂತ ನಿಮಗೆ ತೋರಿಸಿದ್ರು. ನೀವು ಚಪ್ಪಾಳೆ ತಟ್ಟಿದ್ರಿ. ಫೋಟೋ ಕೂಡ ಇದೆ, ಹೊರಗೆ ಗೋಡೆ ಮೇಲೆ."

ತಂಪು ಕನ್ನಡಕದ ಮೇಡಂ ಕನ್ನಡಕವನ್ನು ಕಣ್ಣಿಗೆ ಇಳಿಸಿಕೊಂಡರು.

"ಅಳತೆ ಸಾಹೇಬ್ರಿಗೆ ಕಿಲ್ನ್ ನಿಂತಿದ್ದು ಒಂಬತ್ತಕ್ಕೆ ಗೊತ್ತಾಯ್ತು. ನೇರ ಶೆಡ್ಡಿಗೆ ಬಂದ್ರು, ಹಾಳೆ ನೋಡಿದ್ರು, ಗುಂಡಿಗಿಳಿದು ಪೈಪ್ ನೋಡಿದ್ರು. ಅವರ ಹಿಂದೆಯೇ ಬಂದು ಅದನ್ನ ಕಂಡ ಒಬ್ಬರು ಸಂದಿಗೆ ನುಗ್ಗಿ ಕೈಯಿಂದಲೇ ಚಕ್ರ ತಿರುಗಿಸಿದ್ರು. ಕೆಲಸದವರು ಯಾರೂ ಆ ಸಂದಿಗೆ ಹೋಗಲ್ಲ, ಹೊರಗಿನಿಂದ ಕೋಲು ಹಾಕ್ತಾರೆ. ಕೋಲು ಕಣ್ಣೆದುರಿಗೇ ನೇತಾಡ್ತಿದೆ. ಅದು ಯಾತಕ್ಕೆ ಅಂತ ಗೊತ್ತಿಲ್ಲದವರು ಇಲ್ಲಿ ಒಬ್ಬರೇ: ಯಂತ್ರ ತಂದವರು."

"ನಾನು ಸೋಮವಾರ ಶೆಡ್ಡಿನ ಕಡೆ ಹೋಗೇ ಇಲ್ಲ!" ಹಸಿರು ಸಾಹೇಬರು ಎದ್ದು ನಿಂತರು. "ಇದೆಲ್ಲ ಊಹೆ. ಧೂಳು, ಮೇಣದಬತ್ತಿ! ಇವರು ಯಾರು? ಏನು ಓದಿದ್ದಾರೆ?"

"ಸಿಮೆಂಟ್ ಓದಿದ್ದೀನಿ," ಎಂದು ಅತ್ತಿಗೆ ಟಿಫಿನ್ ಡಬ್ಬಿಯ ಮುಚ್ಚಳ ತೆಗೆದರು.

ಒಳಗೆ ಬೂದು ಬಣ್ಣದ, ಬಾಗಿದ, ಮುಷ್ಟಿಯಷ್ಟು ಗಾತ್ರದ ಕಲ್ಲು. ಬಚ್ಚಲ ಪೈಪಿನ ಬಾಗು ಹೇಗಿರುತ್ತದೋ ಹಾಗೇ ಇತ್ತು.

"ಮೂರನೇ ರೂಮಿನ ಮೋರಿಯಿಂದ ಬಂದದ್ದು. ಮೂರನೇ ರೂಮ್ ಸಾಹೇಬ್ರದು. ಸಿಮೆಂಟ್ ಫ್ಯಾಕ್ಟರಿಯಲ್ಲಿ ಹುಟ್ಟಿದ ಮಕ್ಕಳಿಗೂ ಒಂದು ವಿಷಯ ಗೊತ್ತಿರುತ್ತೆ. ಬೂಟಿಗೆ ಧೂಳಾದರೆ ಒಣಗಿದ ಹಾಗೇ ಬಡಿದು ಕೊಡವಬೇಕು, ನೀರು ತಾಗಿಸಬಾರದು. ಒಂದು ವರ್ಷ ಇಲ್ಲೇ ತಿಂದು ಉಂಡು ಮಲಗಿದ ಈ ಸಾಹೇಬ್ರಿಗೆ ಅದು ಗೊತ್ತಾಗಲಿಲ್ಲ. ಕಣಕಾಲುವರೆಗೆ ಧೂಳಾದ ಬೂಟನ್ನ ಬಚ್ಚಲಲ್ಲಿ ಇಟ್ಟು ನಲ್ಲಿ ತಿರುಗಿಸಿದ್ರು. ಧೂಳೆಲ್ಲ ಮೋರಿಗೆ ಹೋಗಿ ಕಲ್ಲಾಯ್ತು. ಅದಕ್ಕೇ ಸೋಮವಾರ ಚಪ್ಪಲೀಲಿ ಓಡಿಬಂದ್ರು, ಬೂಟು ಒದ್ದೆ ಇತ್ತು. ದೊಡ್ಡಮ್ಮ, ತಾರೇ."

ದೊಡ್ಡಮ್ಮ ಪೊರಕೆಯ ತುದಿಯಲ್ಲಿ ಸಿಕ್ಕಿಸಿಕೊಂಡು ಎರಡು ಕರೀ ಬೂಟು ತಂದು ಮೇಜಿನ ಮೇಲೆ ಕುಕ್ಕಿದರು. ಮರದ ತುಂಡು ಬಿದ್ದಂತೆ ಶಬ್ದವಾಯಿತು. ಲಾಡಿಗಳು ತೂತಿನಲ್ಲೇ ಕಲ್ಲಾಗಿದ್ದವು. ಬಿಚ್ಚಲಾಗದೆ ಬ್ಲೇಡಿನಿಂದ ಕೊಯ್ದಿದ್ದ ಗುರುತಿತ್ತು. "ಮಂಚದ ಕೆಳಗೆ ಮೂಲೇಲಿ ತುರುಕಿದ್ರು. ನಿನ್ನೆಯೇ ನೋಡಿ ಬಾಗಿಲಿಗೆ ನನ್ನ ಬೀಗ ಹಾಕಿದೆ. ಅತಿಥಿಗಳು ಬರ್ತಾರೆ, ಬಚ್ಚಲು ರಿಪೇರಿ ಅಂತ ಸಾಹೇಬ್ರನ್ನ ಐದನೇ ರೂಮಿಗೆ ಕಳಿಸಿದೆ," ಎಂದರು.

"ಇದು ಯಾವತ್ತಿನ ಧೂಳೋ ಏನೋ!"

ಅತ್ತಿಗೆ ಚೀಲದಿಂದ ಮೂರು ಪುಟ್ಟ ಸಿಮೆಂಟ್ ಕ್ಯೂಬ್ ತೆಗೆದು ಸಾಲಾಗಿ ಇಟ್ಟರು, ಜೊತೆಗೆ ಒಂದು ಮೊಳೆ. "ಲ್ಯಾಬಿನಲ್ಲಿ ದಿನಾ ಎರಕ ಹಾಕ್ತಾರೆ. ಇವು ಭಾನುವಾರದ್ದು, ಸೋಮವಾರದ್ದು, ಮಂಗಳವಾರದ್ದು. ಇನ್ಸ್‌ಪೆಕ್ಟರೇ, ನೀವೇ ಗೀರಿ ನೋಡಿ. ಮೋರಿ ಕಲ್ಲು ಯಾವುದರ ಹಾಗಿದೆ?"

ಇನ್ಸ್‌ಪೆಕ್ಟರ್ ನಾಲಿಗೆ ಕಚ್ಚಿಕೊಂಡು, ಪರೀಕ್ಷೆಗೆ ಕೂತವನ ಹಾಗೆ ಒಂದೊಂದನ್ನೇ ಗೀರಿದ. ಮಂಗಳವಾರದ್ದರಲ್ಲಿ ಮೊಳೆ ಸಲೀಸಾಗಿ ಇಳಿಯಿತು. ಭಾನುವಾರದ್ದರಲ್ಲಿ ಜಾರಿತು. ಎರಡು ಸಲ ಗೀರಿದ ಮೇಲೆ ನಡುವಿನ ಕ್ಯೂಬಿನ ಮೇಲೆ ಬೆರಳಿಟ್ಟ. ಆಮೇಲೆ ಎದ್ದು ಹೋಗಿ ಬಾಗಿಲಿಗೆ ಅಡ್ಡ ನಿಂತ.

ಹಸಿರು ಸಾಹೇಬರು ಕೂತರು. ನಮ್ಮ ಯಾರನ್ನೂ ನೋಡದೆ, ಹಣ ಹಾಕುವವರಿಗೆ ಮಾತ್ರ ಹೇಳಿದರು: "ದುಡ್ಡು ಬಂದ ಮೇಲೆ ಯಂತ್ರ ಸರಿ ಮಾಡ್ತಿದ್ದೆ. ನಿಜವಾದ ಅಂಕಿ ತೋರಿಸಿದ್ರೆ ಯಾರು ಹಣ ಹಾಕ್ತಾರೆ? ನೀವು ಹಾಕ್ತಿದ್ರಾ? ಆ ಮನುಷ್ಯ ಒಂದು ಸಹಿ ಹಾಕಿದ್ರೆ ಸಾಕಿತ್ತು."

"ಆ ಮನುಷ್ಯನ ಪುಸ್ತಕ ಯಾರಾದ್ರೂ ಓದಿದ್ರಾ?" ಎಂದು ಅತ್ತಿಗೆ ಕೇಳಿದರು. ಇನ್ಸ್‌ಪೆಕ್ಟರ್ ಸಾಕ್ಷಿಯ ಕವರಿನಿಂದ ಅದನ್ನು ತೆಗೆದ. ಬರೀ ಅಂಕಿ ಇದೆ ಎಂದು ಅವನು ತೆರೆದೂ ನೋಡಿರಲಿಲ್ಲ. ಅತ್ತಿಗೆ ಕೊನೆಯ ಪುಟಗಳನ್ನು ಓದಿದರು. ಸೋಮವಾರದ ಪುಟದಲ್ಲಿ ಒಂದೇ ಸಾಲು: ಕಿಲ್ನ್ ಆರಕ್ಕೆ ನಿಂತಿದೆ, ಶೆಡ್ಡಿನ ಹಾಳೆ ನೋಡಬೇಕು. ಅದರ ಹಿಂದಿನ ಪುಟ ಶನಿವಾರದ್ದು. ಯಂತ್ರ ನೂರರಲ್ಲಿ ಏಳು ಪಾಲು ಮಾತ್ರ ಹಿಡಿಯುತ್ತಿದೆ. ಹಿಡಿದದ್ದೂ ಟ್ಯಾಂಕ್ ಸೇರದೆ ಚಿಮಣಿಗೇ ವಾಪಸ್ ಹೋಗುತ್ತಿದೆ. ಆದರೆ ದಾರಿ ಸರಿಯಿದೆ. ಹತ್ತು ವರ್ಷ ಕಾಯುವ ಹಣ ಸಿಕ್ಕಿದರೆ ಈ ಕೆಲಸ ಆಗುತ್ತದೆ. ಹಣ ಹಾಕಬಹುದೆಂದು ಬರೆಯುತ್ತೇನೆ.

ಹಸಿರು ಸಾಹೇಬರ ಮುಖದಲ್ಲಿ ಬಣ್ಣ ಉಳಿಯಲಿಲ್ಲ. ತಮಗೆ ಹಣ ಕೊಡಿಸಲು ಹೊರಟವರನ್ನೇ ಅವರು ಗುಂಡಿಯಲ್ಲಿ ಮುಳುಗಿಸಿದ್ದರು.

"ಹತ್ತು ವರ್ಷ ಸ್ವಲ್ಪ ಜಾಸ್ತಿ ಆಯ್ತು," ಎಂದರು ಗಡ್ಡದವರು, ಮೇಡಂ ಕಡೆ ಬಾಗಿ. ಮೇಡಂ ಇನ್ಸ್‌ಪೆಕ್ಟರನ್ನು ಕೇಳಿದ್ದು ಒಂದೇ ಮಾತು: "ನಮ್ಮ ಹೆಸರು ಪೇಪರಲ್ಲಿ ಬರಲ್ಲ ತಾನೆ?" ಚಹಾ ಕುಡಿಯುವ ಮೊದಲೇ ಇಬ್ಬರೂ ಕಾರು ಹತ್ತಿದರು. ಪುಸ್ತಕವನ್ನು ಕೇಳಲೂ ಇಲ್ಲ.

"ಹೋಗಲಿ ಬಿಡಿ ಅತ್ತಿಗೆ," ಎಂದೆ.

"ಇವರು ಲೋಕ ಉಳಿಸೋಕೆ ಬಂದವರು," ಎಂದು ಅವರು ಕ್ಯೂಬುಗಳನ್ನು ಚೀಲಕ್ಕೆ ತುಂಬಿಕೊಂಡರು. "ಮೂರು ದಿನಕ್ಕೆ ಗಟ್ಟಿ ಆಗಲಿಲ್ಲ ಅಂತ ಇಪ್ಪತ್ತೆಂಟು ದಿನದ ಕ್ಯೂಬನ್ನ ಎಸೆಯೋ ಜಾತಿ. ನಡಿ, ಠಾಣೆಗೆ ಹೋಗೋಣ."

ಮಧ್ಯಾಹ್ನ ಎರಡಕ್ಕೆ ಅಳಿಯನನ್ನು ಬಿಟ್ಟರು. ಶೆಡ್ ಮುಚ್ಚುವುದೆಂದು ಆಗಲೇ ಮ್ಯಾನೇಜರ್ ಹೇಳಿಕಳಿಸಿದ್ದರು. ಕೆಲಸ ಇರುತ್ತದೋ ಇಲ್ಲವೋ ಗೊತ್ತಿರಲಿಲ್ಲ. ಮೂವರೂ ಮನೆ ಕಡೆ ನಡೆದೆವು. ನಾನು ನಡುವೆ ಒಂದು ಸಲ, ಆ ಮನುಷ್ಯನಿಗೆ ನಾನು ಬಾಯಿ ಬಿಡದೆ ಇದ್ದಿದ್ದರೆ ಎಂದು ಶುರು ಮಾಡಿದೆ. ಅಳಿಯ ನಿಂತು, "ಮಾವ, ಅವರು ಕೇಳಿದ್ರು, ನೀವು ಇದ್ದದ್ದು ಹೇಳಿದ್ರಿ. ಇಲ್ಲಿ ಬೇರೆ ಯಾರೂ ಅಷ್ಟು ಮಾಡಿಲ್ಲ," ಎಂದ. ಮತ್ತೆ ನಡೆದೆವು.

ಮಗಳು ಹೊಸಿಲಲ್ಲೇ ಇದ್ದಳು. ಗಂಡನನ್ನು ಕಂಡು ಎದ್ದು ನಿಂತಳು. ಒಂದು ಗಳಿಗೆ ಹಾಗೇ ನೋಡಿದಳು.

"ಏನಿದು ಅವತಾರ? ಯಾವ ಚರಂಡೀಲಿ ಬಿದ್ದಿದ್ರಿ? ನಾಲ್ಕು ದಿನದಿಂದ ಅದೇ ಅಂಗಿ! ತಲೆ ನೋಡ್ಕೊಂಡಿದ್ದೀರಾ? ಠಾಣೇಲಿ ಬಾಚಣಿಗೆ ಇರಲ್ವಾ? ಒಳಗೆ ಕಾಲಿಡಬೇಡಿ, ಅಲ್ಲೇ ನಿಲ್ಲಿ, ಬಿಸಿನೀರು ತರ್ತೀನಿ! ನಿಮ್ಮನ್ನ ಕಟ್ಟಿಕೊಂಡು..."

ಒಳಗೆ ಹೋದರೂ ಅವಳ ದನಿ ನಿಲ್ಲಲಿಲ್ಲ. ಪಾತ್ರೆಯ ಸದ್ದಿನ ಜೊತೆ ಬೈಗುಳ ಬರುತ್ತಲೇ ಇತ್ತು. ಅಳಿಯ ತಲೆ ಬಗ್ಗಿಸಿ ನಿಂತು ಎಲ್ಲಕ್ಕೂ ಹೂಂ ಅನ್ನುತ್ತಿದ್ದ. ಅತ್ತಿಗೆ ತಮ್ಮ ಮನೆಗೆ ಹೊರಟರು. ನಾನು ಜಗಲಿಯ ಮೇಲೆ ಕೂತು, ಗೋಡೆಗೆ ಒರಗಿ, ಕಣ್ಣು ಮುಚ್ಚಿಕೊಂಡು, ಒಂದು ಮಾತೂ ತಪ್ಪದ ಹಾಗೆ ಕೇಳಿಸಿಕೊಂಡೆ.